ಕೊನೆಯ ಗಂಟೆಯ ನೊರೆ

ಸತ್ತ ಅಣ್ಣನ ಎಡಗೈ ಮುಗಿಸಿ, ತಮ್ಮ ಅವನ ಬಲಗೈ ಎತ್ತಿಕೊಂಡ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ, ಒಂದೊಂದೇ ಉಗುರಿನ ಸಂದಿಗೆ ತೂರಿಸಿ ಉಜ್ಜಿದ. ಬೂದು ಬಣ್ಣ ಹೋಗಲಿಲ್ಲ. ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸತುವಿನ ಅದಿರನ್ನು ಹಿಟ್ಟಿನ ಹಾಗೆ ಅರೆದು ನೀರಿಗೆ ಕಲಸುವ ಕಾರ್ಖಾನೆಯಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ನಿಂತರೆ ಆ ಬೂದು ಉಗುರಿನದೇ ಬಣ್ಣವಾಗಿಬಿಡುತ್ತದೆ. ತಮ್ಮನ ಉಗುರುಗಳೂ ಹಾಗೇ ಇದ್ದವು.

"ಬಿಡ್ರೀ ಅದನ್ನ," ಎಂದಳು ಅವನ ಹೆಂಡತಿ, ಬಾಗಿಲಲ್ಲಿ ನಿಂತು. "ಭಾವ ಇರೋವಾಗ ಹೋಗದಿದ್ದದ್ದು ಈಗ ಹೋಗುತ್ತಾ? ಹೊರಗೆ ಬನ್ನಿ, ಜನ ಸೇರ್ತಿದ್ದಾರೆ."

"ಎಷ್ಟು ಜನ?"

"ಎಷ್ಟು ಜನ ಅಂದ್ರೆ? ನಾನೇನು ತಲೆ ಎಣಿಸ್ಕೊಂಡು ನಿಂತಿದ್ನಾ?"

ಅವಳು ಹೋದ ಮೇಲೆ ಅವನು ಆಚೆ ಈಚೆ ನೋಡಿ, ತನ್ನ ಅಂಗೈಯನ್ನು ಅಣ್ಣನ ಅಂಗೈಗೆ ಜೋಡಿಸಿ ಅಳೆದ. ತನ್ನ ಬೆರಳೇ ಒಂದಿಷ್ಟು ಉದ್ದ. ಅಣ್ಣನ ಬೆರಳುಗಳು ಮೊಂಡು, ಗಿಡ್ಡ, ಹೆಬ್ಬೆಟ್ಟಿನ ಬುಡ ಊದಿಕೊಂಡಿದೆ. ಇದೇ ಕೈಯನ್ನಲ್ಲವೇ ಜನ ಇಷ್ಟು ವರ್ಷ ಹೊತ್ತು ಮೆರೆಸಿದ್ದು. ಕಾರ್ಖಾನೆಯಲ್ಲಿ ಯಾವ ಕೆಲಸ ಅಚ್ಚುಕಟ್ಟಾಗಿ ಆದರೂ, ಪೈಪಿನ ಸೋರಿಕೆ ನಿಂತರೂ, "ಅಣ್ಣನ ಕೈ ಬಿದ್ದಿರ್ಬೇಕು" ಎನ್ನುವುದು ರೂಢಿಯಾಗಿಬಿಟ್ಟಿತ್ತು. ಅವನು ಎಲ್ಲರಿಗೂ ಅಣ್ಣ. ಅದಕ್ಕೇ ಇವನು ಎಲ್ಲರಿಗೂ ತಮ್ಮ. ತಲೆ ನರೆತು, ಮೊಮ್ಮಗಳಿಗೆ ಹಲ್ಲು ಬಂದರೂ, ನಿನ್ನೆ ಮೊನ್ನೆ ಸೇರಿದ ಗೇಟಿನ ಕಾವಲಿನವನೂ "ಏನ್ ತಮ್ಮಾ, ಊಟ ಆಯ್ತಾ" ಎಂದೇ ಕೇಳುತ್ತಿದ್ದ. ಒಬ್ಬನ ಹಿಂದೆ ಹುಟ್ಟಿದ್ದನ್ನೇ ಹೆಸರು ಮಾಡಿಕೊಂಡು ಬದುಕುವುದೆಂದರೆ ಏನು ಎಂದು ಯಾರಿಗೆ ಹೇಳುವುದು.

ನಿನ್ನೆ ಬೆಳಗಿನ ಪಾಳಿಗೆ ಹೊರಡಲು ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ ಅಣ್ಣ ಮತ್ತೆ ಏಳಲಿಲ್ಲ. ಒಂದು ಬೂಟಿನ ದಾರ ಕಟ್ಟಿದ್ದ, ಇನ್ನೊಂದರದ್ದು ಕಟ್ಟಿರಲಿಲ್ಲ. ನೋವಿಲ್ಲ, ನರಳಾಟವಿಲ್ಲ. ಅದರಲ್ಲೂ ಅವನೇ ಅದೃಷ್ಟವಂತ.

*

ಆ ಇಬ್ಬರ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು.

ಅರೆದ ಅದಿರಿನ ರಾಡಿ ಸಾಲಾಗಿ ಇಟ್ಟ ಕಬ್ಬಿಣದ ತೊಟ್ಟಿಗಳಲ್ಲಿ ಹರಿಯುತ್ತದೆ. ಕೆಳಗಿನಿಂದ ಗಾಳಿ ಬಿಡುತ್ತಾರೆ. ಸುಣ್ಣ, ಮೈಲುತುತ್ತ, ಕೊಳೆತ ಎಲೆಯ ವಾಸನೆಯ ಇನ್ನೊಂದು ಔಷಧಿ ಹದವಾಗಿ ಬಿದ್ದರೆ ಸತುವಿನ ಕಣ ಗಾಳಿಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಕಲ್ಲಿನ ಕಣ ಕೆಳಗೇ ಉಳಿಯುತ್ತದೆ. ಕಂದು ಬಣ್ಣದ ದಪ್ಪ ನೊರೆ ತೊಟ್ಟಿಯ ಅಂಚು ದಾಟಿ ಕಾಲುವೆಗೆ ಬಿದ್ದರೆ ಅದು ಗಳಿಕೆ. ಬೀಳದೆ ರಾಡಿಯ ಜೊತೆ ಹೊರಟುಹೋದ ಸತು ಊರಾಚೆಯ ರಾಡಿಕೆರೆಗೆ ಸೇರುತ್ತದೆ. ಅದು ನಷ್ಟ. ನೆಲದ ಹೊಟ್ಟೆ ಬಗೆದು, ಮೇಲಕ್ಕೆ ತಂದು, ಒಡೆದು, ಅರೆದು, ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಕೈಜಾರಿ ಹೋದ ಸತು. ಯಾವ ಪಾಳಿಯಲ್ಲಿ ಎಷ್ಟು ಹೋಯಿತು ಎಂದು ಗೇಟಿನ ಬಳಿಯ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಆ ದಾರಿಯಲ್ಲಿ ಹಾಲು ತರಲು ಹೋಗುವ ಹೆಂಗಸರೂ ಅದನ್ನು ಓದುತ್ತಿದ್ದರು.

ನೊರೆಯ ಬಳಿ ನಿಲ್ಲುವವರು ಮೂವರು. ವಾರ ವಾರ ಪಾಳಿ ಬದಲಾದರೂ ಒಬ್ಬರ ಹಿಂದೆ ಒಬ್ಬರು ಬರುವ ಸಾಲು ಬದಲಾಗುತ್ತಿರಲಿಲ್ಲ. ಗೊಣಗನೆಂದು ಹೆಸರು ಬಿದ್ದವನ ಹಿಂದೆ ಅಣ್ಣ, ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಮತ್ತೆ ಗೊಣಗ.

ಪಾಳಿ ಒಪ್ಪಿಸುವಾಗ ಅಲ್ಲೊಂದು ಪದ್ಧತಿಯಿತ್ತು. ಕೊನೆಯ ತೊಟ್ಟಿಯಿಂದ ಹೊರಗೆ ಹೋಗುವ ರಾಡಿಯನ್ನು ಪಾಳಿಯುದ್ದಕ್ಕೂ ಒಂದಿಷ್ಟೊಂದಿಷ್ಟೇ ಬಕೆಟ್ಟಿಗೆ ಹಿಡಿದಿಡುತ್ತಿದ್ದರು. ಬಂದವನು ಅದನ್ನು ಒಂದು ಕಪ್ಪು ತಟ್ಟೆಗೆ ಸುರಿದು, ನೀರು ಹಾಕಿ ಮೆಲ್ಲಗೆ ತಿರುಗಿಸುತ್ತಿದ್ದ. ಹಗುರಾದ ಕಲ್ಲು ತೊಳೆದುಹೋಗಿ, ಭಾರದ ಸತು ತಟ್ಟೆಯ ಅಂಚಿನಲ್ಲಿ ಒಂದು ಗೆರೆಯಾಗಿ ನಿಲ್ಲುತ್ತಿತ್ತು. ಗೆರೆ ಎಷ್ಟು ಉದ್ದವೋ ನಷ್ಟ ಅಷ್ಟು. ಇಬ್ಬರೂ ಅದನ್ನು ನೋಡಲೇಬೇಕು.

ಅಣ್ಣನ ರಾಡಿಯನ್ನು ತಟ್ಟೆಯಲ್ಲಿ ತಿರುಗಿಸಿದರೆ ಗೆರೆ ಕೂದಲಿನಷ್ಟು. ಕೆಲವು ದಿನ ಅದೂ ಇಲ್ಲ.

"ನೋಡ್ದ್ಯಾ?" ಎನ್ನುತ್ತಿದ್ದ ಅಣ್ಣ.

"ನೋಡ್ದೆ."

ಅಷ್ಟೇ. ಅಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದ. ಎಂಟು ಗಂಟೆ ಕಳೆದು ಗೊಣಗ ಬಂದು ತಮ್ಮನ ರಾಡಿಯನ್ನು ತಿರುಗಿಸಿದರೆ ಗೆರೆ ಉಗುರಿನಷ್ಟು ಉದ್ದ, ಕೆಲವು ದಿನ ಬೆರಳಿನಷ್ಟು. "ಇದೇನಯ್ಯಾ, ಕೆರೆಗೆ ಔತಣ ಹಾಕಿದೀಯಾ?" ಎನ್ನುತ್ತಿದ್ದ ಗೊಣಗ. ಒಂದೇ ಅದಿರು, ಅವೇ ತೊಟ್ಟಿಗಳು, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ತನ್ನ ಕೈಯಲ್ಲೇ ಏನೋ ಊನವಿದೆಯೋ, ಅಥವಾ ಬೇರೆ ಏನಾದರೂ ನಡೆಯುತ್ತಿದೆಯೋ? ಆ ಒಂದು ಪ್ರಶ್ನೆ ತಮ್ಮನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಕೂತು ಬಹಳ ಕಾಲವಾಗಿತ್ತು.

*

ಮನೆಯ ಮುಂದೆ ಬಾಡಿಗೆ ಕುರ್ಚಿಗಳು ತುಂಬಿ ಜನ ರಸ್ತೆಯ ಆಚೆ ಬದಿಯ ಗೋಡೆಗೂ ಒರಗಿ ನಿಂತಿದ್ದರು. ಕಾರ್ಖಾನೆ ನಿಲ್ಲಿಸಿ ಬರುವ ಹಾಗಿಲ್ಲ. ತೊಟ್ಟಿ ನಿಂತರೆ ರಾಡಿ ತಳಕ್ಕಿಳಿದು ಕಲ್ಲು ಕಟ್ಟುತ್ತದೆ. ಹಾಗಾಗಿ ಪಾಳಿ ಮುಗಿದವರು ಬೂಟಿನ ಬೂದು ರಾಡಿಯ ಸಮೇತ ನೇರವಾಗಿ ಬಂದಿದ್ದರು, ಮಧ್ಯಾಹ್ನದ ಪಾಳಿಯವರು ಊಟದ ಡಬ್ಬಿ ಹಿಡಿದೇ ಬಂದಿದ್ದರು. ತಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದ. ಸುರಂಗದವರು, ಅರೆಯುವ ಗಿರಣಿಯವರು, ಲಾರಿ ಡ್ರೈವರುಗಳು, ಎಂದೂ ಯಾರ ಮನೆಗೂ ಹೋಗದ ಅದಿರು ಪರೀಕ್ಷಿಸುವ ಕೋಣೆಯ ಹೆಂಗಸು ಕೂಡ. ನಾಳೆ ನಾನು ಸತ್ತರೆ ಇದರಲ್ಲಿ ಅರ್ಧ ಬರುವುದಿಲ್ಲ, ಬಂದವರೂ ಅಣ್ಣನ ತಮ್ಮ ಎಂದೇ ಬರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದ. ಹೆಂಡತಿ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು.

"ತುಟಿ ಅಲ್ಲಾಡ್ತಿದೆ ನಿಮ್ದು. ನಾನು ಎಣಿಸ್ಲಿಲ್ಲ ಅಂತ ನೀವೇ ಎಣಿಸ್ತಿದ್ದೀರಾ?"

ಗೊಣಗ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಮೊನ್ನೆಯ ರಾತ್ರಿಪಾಳಿಯ ಮೇಲೆ ನಿನ್ನೆ ಬೆಳಗ್ಗೆ ಅಣ್ಣನ ಪಾಳಿಯನ್ನೂ ಅವನೇ ಎಳೆದಿದ್ದ. ಕಣ್ಣು ಕೆಂಡವಾಗಿತ್ತು.

"ಅವನಿಗೇನಪ್ಪಾ, ಹೋದ," ಎಂದ. "ಹೋಗೋದಾದ್ರೂ ಪಾಳಿ ಮುಗಿಸಿ ಹೋಗ್ಬಾರ್ದಾ? ಬೂಟು ಹಾಕೋವಾಗ ಹೋದ. ಇವತ್ತು ಮೋಟಾರು ರಿಪೇರಿಯವನನ್ನ ತೊಟ್ಟಿ ಹತ್ರ ನಿಲ್ಲಿಸಿ ಬಂದಿದೀನಿ. ನೊರೆಗೂ ಗಂಜಿಗೂ ವ್ಯತ್ಯಾಸ ಗೊತ್ತಿಲ್ಲ ಅವನಿಗೆ. ಮಧ್ಯಾಹ್ನ ತಮ್ಮನ ಪಾಳಿನೂ ನನ್ನ ತಲೆ ಮೇಲೇ. ಇನ್ನೆರಡು ದಿನ ಹೀಗೇ ಆದ್ರೆ ನನ್ನನ್ನೂ ಅವನ ಪಕ್ಕದಲ್ಲೇ ಮಲಗಿಸಿ."

"ನೀನು ಮಲಗಿದ್ರೂ ಗುಂಡಿ ಗಿಡ್ಡ ಆಯ್ತು ಅಂತ ಗೊಣಗ್ತೀಯ," ಎಂದ ಗಿರಣಿಯವನು. ಅವನು ಅದಿರು ಅರೆಯುವ ದೊಡ್ಡ ಪೀಪಾಯಿಯ ಬಳಿ ಇರುವವನು, ಕಿವಿ ಮಂದವಾದ್ದರಿಂದ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. "ಅಣ್ಣನ ಹಾಗೆ ಯಾರಿದ್ದಾರೆ ಹೇಳು. ನೊರೆ ಬಣ್ಣ ನೋಡಿ ಅದಿರು ಯಾವ ಸುರಂಗದ್ದು ಅಂತ ಹೇಳೋನು."

ಅದನ್ನು ಅಣ್ಣನಿಗೆ ತೋರಿಸಿಕೊಟ್ಟವನು ನಾನು, ಎಂದು ತಮ್ಮನ ಗಂಟಲವರೆಗೆ ಬಂತು. ಪೂರ್ವದ ಸುರಂಗದ ಅದಿರಿನ ನೊರೆಯಲ್ಲಿ ಗುಳ್ಳೆಯ ನೆತ್ತಿ ಕೆಂಪಗೆ ಹೊಳೆಯುತ್ತದೆ ಎಂದು ಮೊದಲು ಕಂಡವನು ಅವನೇ.

ಮ್ಯಾನೇಜರು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಬೋರ್ಡಿನಲ್ಲಿ ಇವತ್ತು ಬೆಳಗಿನ ಪಾಳಿ ಜಾಗದಲ್ಲಿ ನಷ್ಟ ಬರೀಬೇಡಿ, ಅವರ ಹೆಸರು ಮಾತ್ರ ಬರೀರಿ ಅಂದಿದ್ದೀನಿ," ಎಂದರು. "ಸೋಮವಾರದಿಂದ ಅವರ ಮಗನನ್ನೇ ಆ ಪಾಳಿಗೆ ಹಾಕ್ತೀನಿ. ಆ ಕೈ ನಮ್ಮಲ್ಲೇ ಉಳೀಬೇಕು. ಏನಂತೀರಿ?"

"ಹೂಂ, ಸರ್."

ನಿನ್ನೆ ಮಧ್ಯಾಹ್ನದಿಂದ ತಮ್ಮನ ಮನಸ್ಸಿನ ಒಂದು ಮೂಲೆಯಲ್ಲಿ, ಯಾರಿಗೂ ಹೇಳಬಾರದಂಥ ಒಂದು ಆಸೆ ಕಣ್ಣು ಬಿಟ್ಟಿತ್ತು. ಇನ್ನು ಸಾಲು ಬದಲಾಗುತ್ತದೆ. ಗೊಣಗನ ಹಿಂದೆ ನೇರವಾಗಿ ನಾನು ಬರುತ್ತೇನೆ. ಗೊಣಗ ಸೋಮಾರಿ, ತೊಟ್ಟಿ ತುಂಬಿದ್ದರೂ ನೊರೆ ಎಳೆದು ಬರಿದು ಮಾಡುವುದಿಲ್ಲ. ನಿವೃತ್ತಿಗೆ ಮುಂಚೆ ಒಂದು ವರ್ಷವಾದರೂ ಬೋರ್ಡಿನಲ್ಲಿ ನನ್ನದು ಎಷ್ಟಿರುತ್ತದೆಂದು ಊರು ನೋಡಲಿ. ಈಗ ಆ ಆಸೆಯ ಮೇಲೂ ಅಣ್ಣ ಬೂಟುಗಾಲಿಟ್ಟ. ಸತ್ತಮೇಲೂ ಅವನೇ ಮುಂದೆ.

*

ಸ್ಮಶಾನ ಇಳಿಜಾರಿನಲ್ಲಿತ್ತು. ಅಲ್ಲಿಂದ ರಾಡಿಕೆರೆ ಪೂರ್ತಿ ಕಾಣುತ್ತಿತ್ತು. ನೀರಿಗಿಂತ ಕೆಸರೇ ಹೆಚ್ಚು, ಒಣಗಿದ ಕಡೆ ಸಿಮೆಂಟಿನ ನೆಲದ ಹಾಗೆ ಬೂದು, ಹಸಿಯಿದ್ದ ಕಡೆ ಹೊಳಪು. ಪೈಪಿನ ಬಾಯಿಯಿಂದ ರಾಡಿ ಈಗಲೂ ಸುರಿಯುತ್ತಲೇ ಇತ್ತು. ಮೋಟಾರು ರಿಪೇರಿಯವನ ಪಾಳಿ. ಗೊಣಗ ಅದನ್ನೇ ನೋಡಿ ಹಲ್ಲು ಕಡಿದ.

"ಒಂದೆರಡು ಮಾತು ಹೇಳಿ," ಎಂದರು ಮ್ಯಾನೇಜರು ತಮ್ಮನಿಗೆ. "ನಿಮಗಿಂತ ಚೆನ್ನಾಗಿ ಅವರನ್ನ ಬಲ್ಲವರು ಯಾರಿದ್ದಾರೆ?"

ತಮ್ಮ ಗುಂಡಿಯ ಪಕ್ಕಕ್ಕೆ ಬಂದು ನಿಂತ. ಎಲ್ಲರ ಕಣ್ಣೂ ತನ್ನ ಮೇಲಿರುವುದು ಜೀವಮಾನದಲ್ಲಿ ಇದೇ ಮೊದಲು, ಅದೂ ಅಣ್ಣನ ದೆಸೆಯಿಂದ. ಬಾಯಿ ತೆರೆದ.

"ನಮ್ಮಣ್ಣ," ಎಂದ. ಮುಂದಿನ ಮಾತು ಬರಲಿಲ್ಲ. ಬಂದದ್ದೆಲ್ಲ ಹೇಳಬಾರದ ಮಾತುಗಳು. "ನಮ್ಮಣ್ಣ ಯಾವತ್ತೂ ಪಾಳಿ ತಪ್ಪಿಸ್ಲಿಲ್ಲ," ಎಂದು ಮುಗಿಸಿ ಹಿಂದಕ್ಕೆ ಸರಿದ.

"ಪಾಪ, ಮಾತೇ ಹೊರಡ್ತಿಲ್ಲ," ಎಂದಿತು ಒಂದು ಹೆಣ್ಣು ದನಿ. "ಎಂಥ ಪ್ರೀತಿ ನೋಡು ಅಣ್ಣತಮ್ಮಂದಿರದ್ದು."

ಅಣ್ಣನ ಮಗ ಬಿಕ್ಕುತ್ತಾ ಬಂದು ಚಿಕ್ಕಪ್ಪನ ಭುಜ ಹಿಡಿದುಕೊಂಡ. ತಮ್ಮ ಅವನ ಬೆನ್ನು ಸವರಿದ. ತನಗೂ ಒಬ್ಬ ಮಗನಿದ್ದರೆ ಹೀಗೆ ಬಿಕ್ಕುತ್ತಿದ್ದನೇ ಎಂಬ ಯೋಚನೆ ಆಗಲೂ ಬಂತು. ಇದ್ದವಳು ಒಬ್ಬಳೇ ಮಗಳು. ಅವಳೂ ನಿನ್ನೆ ಫೋನಿನಲ್ಲಿ "ಅಯ್ಯೋ, ದೊಡ್ಡಪ್ಪ" ಎಂದು ಅತ್ತಳೇ ಹೊರತು, ನೀನು ಹೇಗಿದ್ದೀಯಪ್ಪಾ ಎಂದು ಕೇಳಿರಲಿಲ್ಲ.

*

ಪಾಳಿಯ ಕೊನೆಯ ಗಂಟೆಯಲ್ಲಿ ಅಣ್ಣ ಮಾಡುತ್ತಿದ್ದುದನ್ನು ಅವನು ಕಣ್ಣಾರೆ ಕಂಡದ್ದು ಹಿಂದೊಮ್ಮೆ ಮಾತ್ರ.

ಹೆಂಡತಿಯ ಜೊತೆ ಜಗಳವಾಡಿ ಅಂದು ಮನೆಯಿಂದ ಬೇಗ ಹೊರಟಿದ್ದ. ಪಾಳಿಗೆ ಇನ್ನೂ ಹೊತ್ತಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ತಲೆ ಹಾಕುವಷ್ಟರಲ್ಲಿ ಕಂಡಿತು. ಅಣ್ಣ ತೊಟ್ಟಿಯಿಂದ ತೊಟ್ಟಿಗೆ ಓಡಾಡುತ್ತಾ ರಾಡಿ ಹೊರಹೋಗುವ ಗೇಟು ಏರಿಸಿ ಮಟ್ಟ ಹೆಚ್ಚಿಸುತ್ತಿದ್ದ, ಗಾಳಿಯ ಕೊಳವೆಯನ್ನು ಪೂರ್ತಿ ತೆರೆಯುತ್ತಿದ್ದ. ನೊರೆ ದಪ್ಪವಾಗಿ ಉಕ್ಕಿ ಅಂಚು ದಾಟಿ ಸುರಿಯುತ್ತಿತ್ತು. ಸಾಲದೆಂದು ಮರದ ಹಲಗೆ ಹಿಡಿದು, ಮೂಲೆಯಲ್ಲಿ ನಿಂತ ನೊರೆಯನ್ನೂ ಬಳಿದು ಎಳೆದ. ನೊರೆ ತೆಳ್ಳಗಾಗಿ, ತೂತು ಬಿದ್ದು, ಕೊನೆಗೆ ತೊಟ್ಟಿಯ ಕಪ್ಪು ನೀರು ಬತ್ತಲೆಯಾಗಿ ಕಂಡಿತು. ಆಗ ಅಣ್ಣ ಗೇಟುಗಳನ್ನು ಮೊದಲಿದ್ದಲ್ಲಿಗೆ ಇಳಿಸಿ, ಹಲಗೆ ತೊಳೆದು ಗೋಡೆಗೆ ಒರಗಿಸಿದ.

ಹಾಗೆ ಎಳೆದರೆ ಏನಾಗುತ್ತದೆ ಎಂದು ಆ ಕೆಲಸದವರಿಗೆ ಗೊತ್ತು. ಎಳೆದವನ ರಾಡಿಯಲ್ಲಿ ಗೆರೆಯೇ ಇರುವುದಿಲ್ಲ. ನೊರೆಯ ಜೊತೆ ಕಲ್ಲೂ ಸೇರಿರುತ್ತದೆ, ಆದರೆ ಮೂರೂ ಪಾಳಿಯ ಮಾಲು ಒಂದೇ ಗುಡ್ಡೆಗೆ ಬೀಳುವುದರಿಂದ ಅದು ಯಾರ ಕಲ್ಲು ಎಂದು ಯಾರೂ ಕೇಳುವುದಿಲ್ಲ. ಹಿಂದೆ ಬರುವವನಿಗೆ ಸಿಗುವುದು ಬರಿದಾದ ತೊಟ್ಟಿ. ಮತ್ತೆ ನೊರೆ ಕಟ್ಟಿ ನಿಲ್ಲುವ ತನಕ ಬಂದ ಸತುವೆಲ್ಲ ಹಿಡಿಯುವವರಿಲ್ಲದೆ ನೇರ ಕೆರೆಗೆ ಹೋಗುತ್ತದೆ, ಅವನ ಲೆಕ್ಕದಲ್ಲಿ.

ಆಗಲೇ ಮೇಲೆ ಹತ್ತಿ ಕೇಳಬಹುದಿತ್ತು. ತಮ್ಮ ಸದ್ದಾಗದಂತೆ ಕೆಳಗಿಳಿದ. ನೀರು ಕುಡಿದ. ಸ್ವಲ್ಪ ಹೊತ್ತು ಬಿಟ್ಟು ಬೂಟು ಬಡಿಯುತ್ತಾ, ಕೆಮ್ಮುತ್ತಾ ಮತ್ತೆ ಹತ್ತಿದ.

"ನೋಡ್ದ್ಯಾ?" ಎಂದ ಅಣ್ಣ, ಅವನು ತಿರುಗಿಸಿದ ತಟ್ಟೆಯ ಮೇಲೆ ಬಾಗಿ.

"ನೋಡ್ದೆ."

ಯಾಕೆ ಕೇಳಲಿಲ್ಲವೆಂದರೆ, ಕೇಳಿದರೆ ಅಣ್ಣ ನಕ್ಕುಬಿಡಬಹುದಿತ್ತು. "ಇವತ್ತೊಂದು ದಿನ ಉಕ್ಕಿತ್ತು, ಎಳೆದೆ. ದಿನಾ ನಿನ್ನ ಗೆರೆ ಉದ್ದ ಇರೋದಕ್ಕೆ ನಾನೇನು ಮಾಡ್ಲಿ?" ಎಂದುಬಿಟ್ಟರೆ ಇವನ ಬಳಿ ಏನೂ ಉಳಿಯುತ್ತಿರಲಿಲ್ಲ. ಕೇಳದಿರುವ ತನಕ ತನ್ನದೇ ಮೇಲುಗೈ ಇರಬಹುದು ಎಂಬುದೊಂದು ಉಳಿದಿರುತ್ತಿತ್ತು. ಆ ಒಂದು ಇರಬಹುದನ್ನು ಎದೆಗೊತ್ತಿಕೊಂಡು ಅವನು ಅಂದಿನಿಂದ ತೊಟ್ಟಿಗೆ ಹೆಚ್ಚು ಮೈಲುತುತ್ತ ಸುರಿದ, ವಾಸನೆಯ ಔಷಧಿಯನ್ನು ಹದ ಮೀರಿ ಬಿಟ್ಟ. ನೊರೆ ಬೇಗ ಕಟ್ಟಲಿ ಎಂಬ ಹಟ. ಬೇಗ ಕಟ್ಟಿದ್ದೇನೋ ನಿಜ, ಆದರೆ ಬೇಡದ ಕಬ್ಬಿಣದ ಕಲ್ಲು ಗುಳ್ಳೆಯ ಮೇಲೆಲ್ಲ ಹತ್ತಿ ಕೂತು, ಸತುವಿಗೆ ಜಾಗವಿಲ್ಲದೆ ಅದು ಕೆಳಗೇ ಹೋಯಿತು. ಗೆರೆ ಇನ್ನೂ ಉದ್ದವಾಯಿತು. ಹದ ಮೀರುತ್ತಿದೆಯೆಂದು ಅವನ ಕಣ್ಣಿಗೆ ಕಾಣುತ್ತಿತ್ತು. ಕೈ ಕೇಳುತ್ತಿರಲಿಲ್ಲ.

*

ಮಣ್ಣು ಮುಗಿಸಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬಳೇ ಇದ್ದಳು. ಬಂದ ಹೆಂಗಸರನ್ನೆಲ್ಲ ಹೊರಗೆ ಕೂರಲು ಹೇಳಿ, ತಾನೇ ದೊಡ್ಡ ಪಾತ್ರೆಯಲ್ಲಿ ಟೀ ಕಾಯಿಸುತ್ತಿದ್ದಳು.

"ಯಾರಾದ್ರೂ ಮಾಡ್ತಿದ್ರಲ್ಲ ಅತ್ತಿಗೆ."

"ಕೂತ್ರೆ ಅಳು ಬರುತ್ತೆ. ಅತ್ರೆ ಎಲ್ಲರೂ ಬಂದು ತಬ್ಕೋತಾರೆ. ಅದಕ್ಕಿಂತ ಇದೇ ವಾಸಿ," ಎಂದಳು. "ಅಲ್ಲಿ ಏನೂ ಮಾತಾಡ್ಲಿಲ್ವಂತೆ ನೀನು?"

"ಬರ್ಲಿಲ್ಲ." ಅವನು ಬಾಗಿಲು ಮುಂದಕ್ಕೆ ಮಾಡಿದ. "ಅತ್ತಿಗೆ, ಒಂದು ಮಾತು ಕೇಳ್ಲಾ?"

"ಇವತ್ತೇ ಕೇಳ್ಬೇಕಾ?"

"ಇವತ್ತು ಕೇಳದಿದ್ರೆ ಇನ್ನು ಯಾವತ್ತೂ ಕೇಳಲ್ಲ."

"ಹಾಗಾದ್ರೆ ಕೇಳು."

"ಕೊನೇ ಗಂಟೇಲಿ ಅಣ್ಣ ತೊಟ್ಟಿ ಬರಿದು ಮಾಡಿ ನನ್ನ ಕೈಗೆ ಕೊಡ್ತಿದ್ನಾ? ದಿನಾ? ಬೇಕೂಂತ?"

ಅತ್ತಿಗೆ ಒಲೆಯ ಉರಿ ತಗ್ಗಿಸಿದಳು. ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಕೆಳಗಿಟ್ಟಳು.

"ಇದನ್ನ ಕೇಳೋಕೆ ನೀನು ಅವರು ಸಾಯ್ಲಿ ಅಂತ ಕಾದ್ಯಾ?"

ಅವನು ಮುಂದೆ ಮಾಡಿದ್ದ ಬಾಗಿಲನ್ನು ಇನ್ನೊಮ್ಮೆ ಒತ್ತಿದ.

"ಮಾಡ್ತಿದ್ರು," ಎಂದಳು. "ನೀನು ಕೆಲಸಕ್ಕೆ ಸೇರಿದ ವರ್ಷದಿಂದ್ಲೇ. ಹಳೇ ಮೇಸ್ತ್ರಿ ಇದ್ರಲ್ಲ, ಕುಳ್ಳಗೆ, ಕೋಲು ಹಿಡ್ಕೊಂಡು ಓಡಾಡೋರು. ಅವರು ಯಾರಿಗೋ ಹೇಳ್ತಿದ್ರಂತೆ, ದೊಡ್ಡವನದ್ದು ಬರೀ ಅಭ್ಯಾಸ, ಚಿಕ್ಕವನ ಕೈಯಲ್ಲಿ ಕಣ್ಣಿದೆ ಅಂತ. ಇವರು ಪೈಪಿನ ಹಿಂದೆ ನಿಂತು ಕೇಳಿಸ್ಕೊಂಡ್ರಂತೆ. ಅವತ್ತು ರಾತ್ರಿ ಊಟ ಬಿಟ್ರು. ನಾನು ಹೊಸದಾಗಿ ಮದುವೆ ಆಗಿ ಬಂದಿದ್ದೆ, ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ ಅಂತ ಹೆದರಿಬಿಟ್ಟೆ."

"ಮೇಸ್ತ್ರಿ ಹಾಗಂದಿದ್ರಾ?"

"ಅಂದಿದ್ರಂತೆ."

"ಕೈಯಲ್ಲಿ ಕಣ್ಣಿದೆ ಅಂತ?"

"ಹೂಂ ಕಣೋ. ಇನ್ನೆಷ್ಟು ಸಲ ಹೇಳ್ಲಿ?"

ತಮ್ಮನ ಎದೆಯೊಳಗೆ ಬೆಚ್ಚಗೆ ಏನೋ ಹರಡಿತು. ಅಕ್ಕಿ ಡಬ್ಬದ ಮೇಲೆ ಕೂತ. ಮಣ್ಣಿನಿಂದ ಈಗಷ್ಟೇ ಬಂದಿದ್ದೇನೆ, ಚಪ್ಪಲಿಯಲ್ಲಿ ಆ ಮಣ್ಣು ಇನ್ನೂ ಇದೆ ಎಂದು ಗೊತ್ತಿದ್ದೂ ಮುಖ ಅರಳುವುದನ್ನು ತಡೆಯಲಾಗಲಿಲ್ಲ.

"ಖುಷಿಯಾಯ್ತಾ?" ಎಂದಳು ಅತ್ತಿಗೆ.

"ಇಲ್ಲ ಅತ್ತಿಗೆ, ಹಾಗಲ್ಲ..."

"ಆಗ್ಲಿ ಬಿಡು. ನಿನ್ನ ಮುಖ ನಂಗೆ ಗೊತ್ತಿಲ್ವಾ?" ಅವಳು ಗೋಡೆಗೆ ಒರಗಿದಳು. "ನಿಮ್ಮಿಬ್ಬರ ಹೊಟ್ಟೆಕಿಚ್ಚಿನ ನಡುವೆ ನನ್ನ ಹೊಟ್ಟೆಕಿಚ್ಚು ಯಾರಿಗೂ ಕಾಣ್ಲಿಲ್ಲ. ಊಟಕ್ಕೆ ಕೂತ್ರೆ ನಿನ್ನ ಮಾತು. ಇವತ್ತು ಅವನದೆಷ್ಟು ಹೋಯ್ತಂತೆ, ಬೋರ್ಡು ನೋಡ್ಕೊಂಡು ಬಾ ಅಂತ ನನ್ನ ಕಳಿಸೋರು. ರಜಾ ದಿನ ಕಿಟಕೀಲಿ ನಿಂತು, ಅವನು ಹೊರಟ, ಹೊಸ ಅಂಗಿ ಹಾಕಿದಾನೆ ಅನ್ನೋರು. ನಾನು ಹೊಸ ಸೀರೆ ಉಟ್ರೆ ಎರಡು ದಿನ ಕಾಣ್ತಿರ್ಲಿಲ್ಲ. ಇನ್ನೊಬ್ಬಳನ್ನ ಇಟ್ಕೊಂಡಿದ್ರೂ ಮನುಷ್ಯ ಅಷ್ಟು ನೆನೆಸ್ಕೋತಿರ್ಲಿಲ್ಲ. ಒಂದೊಂದ್ಸಲ ಅನ್ಸೋದು, ನನ್ನನ್ನ ಕಟ್ಕೊಂಡು ನಿನ್ನ ಜೊತೆ ಸಂಸಾರ ಮಾಡಿದ್ರು ಅಂತ."

ಟೀ ಉಕ್ಕಿ ಬಂತು. ಅವಳು ಸೆರಗಿನಲ್ಲೇ ಹಿಡಿದು ಕೆಳಗಿಳಿಸಿದಳು.

"ನಾನೂ ಸುಮ್ನಿರ್ಲಿಲ್ಲ," ಎಂದ ತಮ್ಮ. "ಹಟಕ್ಕೆ ಬಿದ್ದು ಔಷಧಿ ಸುರ್ದು ನನ್ನ ತೊಟ್ಟಿ ನಾನೇ ಕೆಡಿಸ್ಕೊಂಡೆ."

"ಗೊತ್ತು. ಅದನ್ನೂ ಹೇಳ್ತಿದ್ರು, ನಗ್ತಾ. ಇಬ್ಬರೂ ಸೇರಿ ಕೆರೆ ತುಂಬಿಸಿದ್ರಿ." ಅವಳು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸತೊಡಗಿದಳು. "ಹೋಗು, ಹೊರಗೆ ಎಲ್ಲರೂ ಕೂತಿದ್ದಾರೆ. ಬೇಕಾದ್ರೆ ಹೇಳ್ಕೋ. ನಾನು ಬಾಯಿ ಮುಚ್ಚು ಅನ್ನಲ್ಲ. ಕೇಳಿದ್ರೆ ನಿಜ ಅಂತಾನೂ ಹೇಳ್ತೀನಿ. ನಿನಗೆ ಸೇರ್ಬೇಕಾದ್ದು ಅದು."

"ಮಗನಿಗೆ ಗೊತ್ತಾ?"

"ಇಲ್ಲ. ಅವನಿಗೆ ಅವರಪ್ಪ ಅಂದ್ರೆ ಮುಗೀತು."

ತಮ್ಮ ಎದ್ದ. ತನ್ನನ್ನು ಕಂಡು ಊಟ ಬಿಡುವ, ಕಿಟಕಿಯಲ್ಲಿ ನಿಂತು ತನ್ನ ಅಂಗಿ ನೋಡುವ ಮನುಷ್ಯ ಒಬ್ಬನಿದ್ದ, ಈಗ ಅಂಥವರು ಯಾರೂ ಇಲ್ಲ ಎಂಬುದು ಅಗುಳಿಗೆ ಕೈ ಹಾಕಿದಾಗ ಹೊಳೆಯಿತು. ನಿನ್ನೆಯಿಂದ ಬಾರದ ಅಳು ಅಲ್ಲಿ ಬಂತು. ಬಾಗಿಲಿಗೆ ಹಣೆ ಒತ್ತಿ ನಿಂತ. ಅತ್ತಿಗೆ ತಬ್ಬಿಕೊಳ್ಳಲು ಬರಲಿಲ್ಲ. ಲೋಟಕ್ಕೆ ಟೀ ಬಗ್ಗಿಸುವ ಸದ್ದು ಮಾತ್ರ ಹಿಂದಿನಿಂದ ಕೇಳುತ್ತಿತ್ತು.

*

ಹಿತ್ತಿಲಲ್ಲಿ ಗೊಣಗ, ಗಿರಣಿಯವನು, ಇನ್ನು ನಾಲ್ಕಾರು ಜನ ಟೀ ಕುಡಿಯುತ್ತಿದ್ದರು. ಅಣ್ಣನ ಮಗ ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತು, ದೊಡ್ಡ ಬೋಗುಣಿಯಲ್ಲಿ ಸಾಬೂನು ನೀರು ಕಲಸಿ ಎಂಜಲು ಲೋಟ ತೊಳೆಯುತ್ತಿದ್ದ. ಬೇಡವೆಂದರೂ ಕೇಳಿರಲಿಲ್ಲ, ತಾಯಿಯ ಸ್ವಭಾವ. ಚಿಕ್ಕಪ್ಪನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ತಮ್ಮ ಅವನೆದುರು ಕೂತು ತೊಳೆದ ಲೋಟಗಳನ್ನು ಬೋರಲು ಹಾಕತೊಡಗಿದ.

"ಚಿಕ್ಕಪ್ಪ, ಸೋಮವಾರದಿಂದ ನಾನು ನಿಮ್ಮ ಮುಂಚಿನ ಪಾಳಿ. ಮ್ಯಾನೇಜರ್ ಹೇಳಿದ್ರು."

"ಹೂಂ."

"ನಂಗೆ ಹೆದರಿಕೆ. ಅಪ್ಪ ಎಲ್ಲಾ ತೋರಿಸಿದ್ದಾರೆ. ಸುಣ್ಣದ ಹದ, ಗಾಳಿ, ಗೇಟು, ಎಲ್ಲಾ. ಕೊನೇ ಗಂಟೆ ಒಂದು ಮಾತ್ರ ತೋರಿಸ್ಲಿಲ್ಲ. ಆ ಹೊತ್ತಿಗೆ ಏನೋ ಒಂದು ನೆಪ ಹೇಳಿ ನನ್ನ ಕೆಳಗೆ ಕಳಿಸಿಬಿಡೋರು. ಅದರಲ್ಲೇ ಇರ್ಬೇಕು ಅವರ ಗುಟ್ಟು. ನೀವು ಅವರ ಹಿಂದೇನೇ ಬರ್ತಿದ್ರಲ್ಲ. ಏನು ಮಾಡ್ತಿದ್ರು?"

ಕುರ್ಚಿಗಳಲ್ಲಿ ಮಾತು ನಿಂತಿತು. ಗಿರಣಿಯವನು ಕೇಳಿಸುವ ಕಿವಿಯನ್ನು ಇತ್ತ ತಿರುಗಿಸಿದ. ಖಾಲಿ ತಟ್ಟೆ ಹಿಡಿದು ಬಂದ ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ಇಷ್ಟು ಜನ, ಇಷ್ಟು ಮೌನ, ಇಂಥ ಪ್ರಶ್ನೆ ಇನ್ನೊಮ್ಮೆ ತನಗಾಗಿ ಕೂಡಿ ಬರುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು.

"ಎಳೀತಿದ್ದ," ಎಂದ.

"ಎಷ್ಟು?"

"ಚೆನ್ನಾಗಿ ಎಳೀತಿದ್ದ. ಕಪ್ಪು ನೀರು ಕಾಣೋವರೆಗೂ."

"ಮತ್ತೆ," ಎಂದ ಗಿರಣಿಯವನು ಗಟ್ಟಿಯಾಗಿ, ಎಲ್ಲರ ಕಡೆ ತಿರುಗಿ. "ಸುಮ್ನೆ ಅಂತಾರಾ ಅಣ್ಣನ ಕೈ ಅಂತ?"

ನೊರೆಯ ಬಳಿ ನಿಂತು ಬಲ್ಲವನು ಅಲ್ಲಿ ಗೊಣಗನೊಬ್ಬನೇ. ಬಾಯಿಗೊಯ್ದ ಲೋಟ ಅರ್ಧದಲ್ಲೇ ನಿಂತಿತು. ಅವನು ತಮ್ಮನ ಮುಖ ನೋಡಿದ, ಹೊಸ್ತಿಲಿನ ಕಡೆ ನೋಡಿದ, ಮತ್ತೆ ಟೀ ನೋಡಿದ. ಬೆರಳಿನಷ್ಟು ಉದ್ದದ ಆ ಗೆರೆಗಳೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಅವನು ಗೊಣಗಲಿಲ್ಲ.

"ಹೀಗಾ?" ಎಂದ ಅಣ್ಣನ ಮಗ. ಲೋಟ ಬಿಟ್ಟು, ಅಂಗೈಯ ಅಂಚನ್ನು ಬೋಗುಣಿಯ ನೊರೆಗೆ ತಾಕಿಸಿ ತನ್ನ ಕಡೆಗೆ ಎಳೆದ. ಮೊಣಕೈ ಪಕ್ಕೆಗೆ ಅಂಟಿಸಿ, ತಲೆ ಒಂದಿಷ್ಟು ವಾಲಿಸಿ, ಥೇಟು ಅಪ್ಪನ ಹಾಗೆ. ಯಾರೂ ಕಲಿಸಿದ್ದಲ್ಲ. ನೋಡಿ ತಮ್ಮನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಚುರುಕ್ಕೆಂದಿತು. ಬಿಳಿ ನೊರೆ ಅಂಚು ದಾಟಿ ಕಲ್ಲುಹಾಸಿನ ಮೇಲೆ ಬಿತ್ತು. ಇನ್ನೊಮ್ಮೆ ಎಳೆದ. ನಡುವೆ ಒಂದು ತೂತು ಬಿದ್ದು, ಟೀಯ ಬಣ್ಣ ಕುಡಿದ ಕಪ್ಪು ನೀರು ಕಂಡಿತು.

ಮೂರನೆಯ ಸಲಕ್ಕೆ ಕೈ ಎತ್ತಿದಾಗ ತಮ್ಮ ಅವನ ಮಣಿಕಟ್ಟು ಹಿಡಿದ.

"ನೀನು ಎಳೀಬೇಡ."

"ಯಾಕೆ ಚಿಕ್ಕಪ್ಪ?"

"ನಿನ್ನ ಹಿಂದೆ ನಾನು ಬರ್ತೀನಲ್ಲ."

ಹುಡುಗನಿಗೆ ಅರ್ಥವಾಯಿತೋ ಇಲ್ಲವೋ, ಕೈ ಕೊಸರಿಕೊಳ್ಳಲಿಲ್ಲ. ಅವರಿಬ್ಬರ ತೋಳಿನ ಕೆಳಗೆ, ಬೋಗುಣಿಯ ಆ ಬದಿಯಲ್ಲಿ ಉಳಿದಿದ್ದ ನೊರೆ ಮೆಲ್ಲಗೆ ಜಾರಿ ಬಂದು ಕಪ್ಪು ನೀರಿನ ಮೇಲೆ ಹರಡತೊಡಗಿತು. ತೂತು ಸಣ್ಣದಾಗುತ್ತಾ, ಸಣ್ಣದಾಗುತ್ತಾ ಮುಚ್ಚಿಕೊಂಡಿತು. ಗುಳ್ಳೆಗಳು ಒಂದೊಂದೇ ಒಡೆಯುವ ಸದ್ದು ಕೇಳಿಸುವಷ್ಟು ಹಿತ್ತಿಲು ನಿಶ್ಶಬ್ದವಾಗಿತ್ತು. ತಮ್ಮ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ.